ತುಂಬಿದ ಕೊಡದ ತೂಕ

ಮನೆಯಲ್ಲಿ ಎಲ್ಲರ ತೂಕವೂ ಗೌರಿಗೆ ಗೊತ್ತಿತ್ತು, ಅತ್ತೆಯದೊಂದನ್ನು ಬಿಟ್ಟು. ಧಾರವಾಡದಿಂದ ಟೊರೆನ್ಸಿಗೆ ಬಂದು ತಿಂಗಳಷ್ಟೇ ಆಗಿದ್ದ ಅನ್ನಪೂರ್ಣವ್ವನವರನ್ನು ನಿಲ್ಲಿಸಿಕೊಂಡು, ನೀವೆಷ್ಟು ಪೌಂಡು ಎಂದು ಯಾವ ಸೊಸೆ ಕೇಳಿಯಾಳು? ತನ್ನ ಸ್ವೆಟರು ಅವರಿಗೆ ತುಸು ಬಿಗಿಯಾಗುತ್ತದೆ ಎಂಬುದನ್ನು ನೋಡಿ, ತನ್ನ ತೂಕದ ಮೇಲೆ ಹದಿನೈದು ಪೌಂಡು ಕೂಡಿಸಿಕೊಂಡು ಗೌರಿ ಲೆಕ್ಕ ಮುಗಿಸಿದ್ದಳು.

ಲೆಕ್ಕ ಬೇಕಾಗಿದ್ದದ್ದು ಪಿಕಪ್ ಟ್ರಕ್ಕಿಗಾಗಿ. ಅದು ಹಾಫ್ ಟನ್ ಎಂದು ಕರೆಯುವ ವರ್ಗದ ಗಾಡಿ. ಹೆಸರು ಹಳೆಯ ಕಾಲದ್ದು, ಈಗಿನವು ಅದಕ್ಕಿಂತ ಹೆಚ್ಚೇ ಹೊರುತ್ತವೆ. ಆದರೆ ಹೊರುವುದು ಬೇರೆ, ಎಳೆಯುವುದು ಬೇರೆ. ಅದರ ಹಿಂದೆ ಕಟ್ಟಿಕೊಂಡು ಹೋಗುವ, ಪುಟ್ಟ ಮನೆಯಂಥ ಟ್ರೇಲರನ್ನು ಮಾರಿದವನು ಎಳೆಯುವ ಮಾತನ್ನಷ್ಟೇ ಆಡಿದ್ದ: ಇಂಥದ್ದು ಎರಡನ್ನು ಎಳೆದೀತು ಮೇಡಮ್, ಯೋಚನೆಯೇ ಬೇಡ. ಗೌರಿ ಯೋಚಿಸಿದಳು. ವಿಮಾನದ ಬಿಡಿಭಾಗಗಳ ಮೇಲೆ ಭಾರ ಹೇರುತ್ತಾ ಹೋಗಿ ಅವು ಎಲ್ಲಿ ಮುರಿಯುತ್ತವೆ ಎಂದು ನೋಡುವುದೇ ಅವಳ ಉದ್ಯೋಗ. ಟ್ರೇಲರಿನ ಮೂತಿ ಬಂದು ಕೂರುವುದು ಟ್ರಕ್ಕಿನ ಬಾಲದ ಕೊಂಡಿಯ ಮೇಲೆ. ಆ ಮೂತಿಯ ಭಾರ, ಒಳಗೆ ಕೂತವರ ಭಾರ, ಹಿಂದೆ ತುಂಬಿದ ಸಾಮಾನು, ಎಲ್ಲವನ್ನೂ ಟ್ರಕ್ಕಿನ ಹಿಂದಿನ ಚಕ್ರಗಳ ಅಚ್ಚು ಹೊರಬೇಕು. ಅದರ ಮಿತಿಯನ್ನು ಡ್ರೈವರ್ ಬಾಗಿಲಿನ ಅಂಚಿಗೆ ಅಂಟಿಸಿಯೇ ಇರುತ್ತಾರೆ, ಓದುವವರು ಕಡಿಮೆ.

"ಒಂದು ಪೌಂಡು ಮೀರಿದ್ರೂ ವಾಪಸ್," ಎಂದು ಅವಳು ಮೊದಲೇ ಹೇಳಿಟ್ಟಿದ್ದಳು.

"ಹಾಗಾದ್ರೆ ಬೆಳಿಗ್ಗೆ ತಿಂಡಿ ತಿನ್ನಬೇಕೋ ಬೇಡವೋ ಅದನ್ನೂ ಹೇಳಿಬಿಡು," ಎಂದಿದ್ದ ಅವಳ ಗಂಡ ಸುಮಂತ್. ಬರ್ಬ್ಯಾಂಕಿನ ಸ್ಟುಡಿಯೋ ಒಂದರಲ್ಲಿ ಸೌಂಡ್ ಎಡಿಟರ್ ಆಗಿದ್ದ ಅವನಿಗೆ ಹೋಟೆಲ್ ರೂಮೇ ಸಾಕಿತ್ತು. ಟ್ರೇಲರ್ ಗೌರಿಯ ಆಸೆ. ಹೋಟೆಲೆಂದರೆ ಎರಡು ರೂಮು, ಎರಡು ಬಾಗಿಲು. ಅತ್ತೆ ತಮ್ಮ ಬಾಗಿಲು ಹಾಕಿಕೊಂಡು ಒಬ್ಬರೇ ಟಿವಿ ನೋಡುತ್ತಾ ಕೂರುವುದನ್ನು ಹೋದ ಸಲ ಬಂದಾಗ ಅವಳು ನೋಡಿದ್ದಳು. ಒಂದೇ ಸೂರಿನಡಿ ನಾಲ್ವರೂ ಮಲಗಿ, ಬೆಳಿಗ್ಗೆ ಒಂದೇ ಒಲೆಯ ಚಹಾ ಕುಡಿಯುವ ಪಯಣವೊಂದು ಅವಳಿಗೆ ಬೇಕಿತ್ತು.

ಹೊರಡುವ ಹಿಂದಿನ ಸಂಜೆ ಮನೆಯ ಮುಂದೆ ಟ್ರೇಲರನ್ನು ಕೊಂಡಿಗೆ ಜೋಡಿಸಿ, ಟ್ರಕ್ಕಿನ ಹಿಂಭಾಗ ಎಷ್ಟು ಇಳಿಯಿತೆಂದು ಟೇಪು ಹಿಡಿದು ಅಳೆದು ಸಮಾಧಾನಪಟ್ಟಳು. ಆಮೇಲೆ ಅತ್ತೆಯನ್ನು ಕರೆದು ಎಲ್ಲವನ್ನೂ ತೋರಿಸಿದಳು. ಒಲೆ, ಪುಟ್ಟ ಬಚ್ಚಲು, ಮುಂಭಾಗದ ಮಂಚ, ಅದರ ಕೆಳಗೆ ನೀರಿನ ಟ್ಯಾಂಕು, ಹೊರಗೆ ಪೈಪು ಹಾಕಿ ತುಂಬಿಸುವ ತೂತು.

"ಈಗ ನೀರು ಐತೇನು ಇದರಾಗ?"

"ಇಲ್ಲ ಅತ್ತೆ, ಖಾಲಿ. ಅಲ್ಲೇ ನಲ್ಲಿ ಇರತ್ತೆ, ಹೋಗಿ ತುಂಬಿಸ್ಕೊಳ್ಳೋದು."

ಅನ್ನಪೂರ್ಣವ್ವ ಏನೂ ಹೇಳಲಿಲ್ಲ. ಅವರು ಏನೂ ಹೇಳದಿದ್ದರೆ ಒಪ್ಪಿದ್ದಾರೆ ಎಂದುಕೊಳ್ಳುವುದು ಗೌರಿಯ ರೂಢಿಯಾಗಿತ್ತು.

ಬೆಳಿಗ್ಗೆ ಟ್ರಕ್ಕಿಗೂ ಟ್ರೇಲರಿಗೂ ವಿಭೂತಿ, ಕುಂಕುಮ, ಚಕ್ರಗಳಡಿ ನಿಂಬೆಹಣ್ಣು. ಒಂಬತ್ತು ವರ್ಷದ ಮಗಳು ಗಗನಾ ನಿಂಬೆ ಚಿಟ್ಟೆನ್ನುವುದನ್ನು ಕೇಳಲೆಂದೇ ಹೊರಗೆ ನಿಂತು ಆಮೇಲೆ ಹತ್ತಿಕೊಂಡಳು. ಕಾರ್ಲ್ಸ್‌ಬಾಡ್‌ನ ಕಡಲತಡಿಯ ಕ್ಯಾಂಪ್‌ಗ್ರೌಂಡಿನಲ್ಲಿ ಮೂರು ದಿನಕ್ಕೆ ಜಾಗ ಸಿಕ್ಕಿತ್ತು. ನಡುವೆ ಒಂದು ನಿಲುಗಡೆಯನ್ನು ಗೌರಿ ಮೊದಲೇ ಗೊತ್ತುಮಾಡಿದ್ದಳು: ಬಂದರಿನ ಕಡೆಯ ಲಾರಿಗಳು ತೂಕ ನೋಡಿಸುವ ಒಂದು ಟ್ರಕ್ ಸ್ಟಾಪ್. ಬರೆದ ಲೆಕ್ಕವನ್ನು ಅಳೆದು ನೋಡದೆ ನಂಬುವ ಅಭ್ಯಾಸ ಅವಳಿಗಿರಲಿಲ್ಲ.

ಫ್ರೀವೇ ಹತ್ತಿದ ಸ್ವಲ್ಪ ಹೊತ್ತಿಗೇ ಏನೋ ಸರಿಯಿಲ್ಲ ಎನಿಸಿತು. ಸ್ಟಿಯರಿಂಗ್ ಹಗುರಾಗಿತ್ತು. ಮುಂದಿನ ಚಕ್ರಗಳು ನೆಲವನ್ನು ಗಟ್ಟಿಯಾಗಿ ಹಿಡಿದಿಲ್ಲವೇನೋ ಎನ್ನುವಂತೆ ಟ್ರಕ್ಕಿನ ಮೂತಿ ಮೇಲೆದ್ದಿತ್ತು.

"ಸುಮಂತ್, ಹಿಂದೆ ಏನಾದ್ರೂ ಹಾಕಿದೀಯಾ?"

"ನನ್ನ ಶೂಸ್ ಹಾಕಿದೀನಿ. ತೆಗೀಲಾ?"

ಅವಳು ನಗಲಿಲ್ಲ. ಬಲಗಡೆಯ ಲೇನಿನಲ್ಲೇ ನಿಧಾನಕ್ಕೆ ಹೋಗಿ, ಮೊದಲೇ ನೋಡಿಟ್ಟಿದ್ದ ತಿರುವಿನಲ್ಲಿ ಇಳಿದಳು.

ತೂಕದ ಕಟ್ಟೆಯ ಮೇಲೆ ಟ್ರಕ್ಕಿನ ಮುಂದಿನ ಅಚ್ಚು, ಹಿಂದಿನ ಅಚ್ಚು, ಟ್ರೇಲರಿನ ಅಚ್ಚುಗಳು ಬೇರೆ ಬೇರೆ ಹಲಗೆಗಳ ಮೇಲೆ ನಿಲ್ಲುತ್ತವೆ. ಒಳಗೆ ಹೋಗಿ ಚೀಟಿ ತಂದ ಗೌರಿ ಅದನ್ನು ಟ್ರಕ್ಕಿನ ಪಕ್ಕದಲ್ಲೇ ನಿಂತು ಓದಿದಳು. ಹಿಂದಿನ ಅಚ್ಚು ಮಿತಿಗಿಂತ ಎಪ್ಪತ್ತು ಪೌಂಡು ಹೆಚ್ಚಿತ್ತು. ಹೆಚ್ಚುಕಡಿಮೆ ಒಂದು ಗಗನಾಳಷ್ಟು.

ಸುಮಂತ್ ಇಳಿದು ಬಂದು ಅವಳ ಭುಜದ ಮೇಲಿಂದ ಇಣುಕಿದ. "ಎಪ್ಪತ್ತು ಏನ್ ಮಹಾ. ಆಯ್ತು ಬಿಡು, ನಿನ್ನ ಮುಖ ನೋಡಿದ್ರೇ ಗೊತ್ತಾಗತ್ತೆ. ಅಮ್ಮನ್ನ ಕರ್ಕೊಂಡು ನಾನು ಟ್ರೇನಲ್ಲಿ ಬರ್ತೀನಿ. ನೀವಿಬ್ರೂ ಹೋಗಿ."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಅದರಿಂದಲೇ ಗೌರಿಗೆ ಇನ್ನಷ್ಟು ಬೇಸರವಾಯಿತು. ಎರಡು ಬಾಗಿಲು ತಪ್ಪಿಸಲೆಂದು ಹೊರಟರೆ ಎರಡು ದಾರಿಯಾಗುವುದಿತ್ತು.

ಅವಳು ಮತ್ತೆ ಚೀಟಿ ನೋಡಿದಳು. ಟ್ರೇಲರಿನ ಅಚ್ಚುಗಳ ಮೇಲೂ ಭಾರ ಹೆಚ್ಚಿತ್ತು. ಎಲ್ಲ ಕೂಡಿಸಿ ತನ್ನ ಲೆಕ್ಕವನ್ನು ಕಳೆದಳು. ಉಳಿದದ್ದು ಮುನ್ನೂರ ಮೂವತ್ತರ ಆಸುಪಾಸು. ಒಂದು ಗ್ಯಾಲನ್ ನೀರು ಎಂಟೂ ಚಿಲ್ಲರೆ ಪೌಂಡು. ಭಾಗಿಸುವ ಮೊದಲೇ ಅವಳಿಗೆ ಉತ್ತರ ಹೊಳೆಯಿತು. ಟ್ಯಾಂಕು ಹಿಡಿಯುವುದು ನಲವತ್ತು ಗ್ಯಾಲನ್. ಟ್ರೇಲರಿನೊಳಗೆ ಹೋಗಿ ಗೋಡೆಯ ಬಟನ್ ಒತ್ತಿದಳು. ನೀರಿನ ಮಟ್ಟ ತೋರಿಸುವ ನಾಲ್ಕೂ ದೀಪಗಳು ಹತ್ತಿಕೊಂಡವು.

ಅಲ್ಲೇ ಮಂಚದ ಅಂಚಿಗೆ ಸ್ವಲ್ಪ ಹೊತ್ತು ಕೂತಳು. ಕೆಳಗಿನ ನಲ್ಲಿ ಬಿಚ್ಚಿದರೆ ನೀರು ಸದ್ದಿಲ್ಲದೆ ಹರಿದು ಹೋಗುತ್ತಿತ್ತು. ಟ್ರಕ್ಕಿನಲ್ಲಿ ಕೂತ ಅತ್ತೆಗೆ ತಿಳಿಯುತ್ತಲೂ ಇರಲಿಲ್ಲ. ಆದರೆ ನೀರಿನ ಬರಕ್ಕೆ ಊರಿಗೆ ಊರೇ ಮನೆ ಮುಂದಿನ ಹುಲ್ಲನ್ನು ಒಣಗಲು ಬಿಟ್ಟ ವರ್ಷ ಅದು. ಅದಕ್ಕಿಂತ ಹೆಚ್ಚಾಗಿ, ಆ ನೀರು ಬರಿಯ ನೀರಲ್ಲ ಎಂದು ಅವಳಿಗೆ ಅನ್ನಿಸಿತು. ಎದ್ದು ಹೋಗಿ ಟ್ರಕ್ಕಿನ ಕಿಟಕಿಯ ಹತ್ತಿರ ನಿಂತಳು.

"ಅತ್ತೆ, ಟ್ಯಾಂಕಿಗೆ ನೀರು ತುಂಬಿಸಿದ್ರಾ?"

"ಹೂನವಾ. ಹೊಸಾ ಗಾಡಿ, ಮೊದಲ್ನೇ ಪಯಣ. ಖಾಲಿ ಕೊಡ ತಗೊಂಡು ಯಾರರ ಮನಿ ಬಿಡತಾರೇನು? ನೀನಂತೂ ಎಲ್ಲಾ ತೋರಿಸಿದ್ದಿ. ನೀವು ಏಳೋದರೊಳಗ ಪೈಪ್ ಹಚ್ಚಿ, ತುಂಬಿ ಉಕ್ಕೂತನಕಾ ಬಿಟ್ಟೆ." ಅವರು ಸೊಸೆಯ ಮುಖ ನೋಡಿದರು. "ಯಾಕ, ತಪ್ಪಾತೇನು?"

"ತಪ್ಪಲ್ಲ ಅತ್ತೆ. ಭಾರ ಆಯ್ತು." ಗೌರಿ ಚೀಟಿ ತೋರಿಸಿ, ಕೊಂಡಿಯ ವಿಷಯ, ಅಚ್ಚಿನ ವಿಷಯ ಎಲ್ಲ ಹೇಳಿದಳು.

ಅನ್ನಪೂರ್ಣವ್ವ ಮಧ್ಯೆ ಬಾಯಿ ಹಾಕದೆ ಕೇಳಿದರು. "ನೀರಿನ ಭಾರ ನನಗೇನು ಗೊತ್ತಿಲ್ಲಂತಲ್ಲ. ಇಷ್ಟ್ ದೊಡ್ಡ ಗಾಡಿಗೆ ಅದೇನು ಹತ್ತತದ ಅಂತ ಮಾಡಿದ್ದೆ." ಸೆರಗು ಸರಿಮಾಡಿಕೊಂಡು ಬಾಗಿಲ ಹಿಡಿಗೆ ಕೈ ಹಾಕಿದರು. "ಹಂಗಾರ ನನ್ನ ಇಳಸ್ರಿ. ನೀರು ಇರಲಿ. ತುಂಬಿದ ಕೊಡ ಹಾದ್ಯಾಗ ಖಾಲಿ ಮಾಡಬಾರದು."

"ಅಜ್ಜಿ, ನೋ," ಎಂದಳು ಗಗನಾ ಹಿಂದಿನಿಂದ.

"ನೀವು ಇಳಿಯೋದಾದ್ರೆ ನಾನು ಈ ಟ್ರೇಲರ್ ಯಾಕೆ ತಗೊಂಡೆ ಅತ್ತೆ?" ಎಂದಳು ಗೌರಿ. ಅಂದುಕೊಂಡದ್ದಕ್ಕಿಂತ ಸ್ವಲ್ಪ ಗಟ್ಟಿಯಾಗಿಯೇ ಬಂತು. "ಹೋಟೆಲಲ್ಲಿ ನೀವೊಬ್ರೇ ಕೂತಿರ್ತೀರಿ ಅಂತ ತಾನೇ ತಗೊಂಡಿದ್ದು. ಈಗ ನಿಮ್ಮನ್ನ ಬಿಟ್ಟು ನೀರು ಕರ್ಕೊಂಡು ಹೋಗ್ಲಾ?"

ಅನ್ನಪೂರ್ಣವ್ವ ಅವಳನ್ನೇ ನೋಡಿದರು. ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಗೌರಿಯೂ ಹೇಳಿರಲಿಲ್ಲ.

"ಮೊದಲ ಹೇಳಬೇಕಿಲ್ಲೋ," ಎಂದು ಬಾಗಿಲ ಹಿಡಿಯಿಂದ ಕೈ ತೆಗೆದರು. "ಆತು. ಆದ್ರ ನೆಲಕ್ಕ ಚೆಲ್ಲಬ್ಯಾಡ್ರಿ. ಅಲ್ಲಿ ನೋಡು, ಆ ಗಿಡಾ ಹೆಂಗ ಒಣಗ್ಯಾವು."

ಪಾರ್ಕಿಂಗ್ ಅಂಚಿನಲ್ಲಿ ಸಾಲಾಗಿ ಕಣಿಗಲೆ ಗಿಡಗಳಿದ್ದವು, ಎಲೆಯೆಲ್ಲ ಧೂಳು ಹಿಡಿದು ಜೋತುಬಿದ್ದಿದ್ದವು. ಸುಮಂತ್ ಒಳಗೆ ಹೋಗಿ ಕೇಳಿ ಬಂದ. ಕೌಂಟರಿನ ಹೆಂಗಸು ತಾನೇ ಒಂದು ಬಕೆಟ್ಟು ಕೊಟ್ಟಿದ್ದಳು.

ಟ್ರೇಲರನ್ನು ಪಕ್ಕಕ್ಕೆ ನಿಲ್ಲಿಸಿ, ಗೌರಿ ಕೆಳಗೆ ಮಲಗಿ ನಲ್ಲಿ ಬಿಚ್ಚಿದಳು. ಸುಮಂತ್ ಬಕೆಟ್ಟು ಹೊತ್ತ, ಗಗನಾ ಅಡುಗೆ ಪಾತ್ರೆ ಹೊತ್ತಳು, ಅನ್ನಪೂರ್ಣವ್ವ ಗಿಡಗಳ ಬುಡದಲ್ಲಿ ನಿಂತು ಯಾವುದಕ್ಕೆ ಆಗಿದೆ, ಯಾವುದಕ್ಕೆ ಇಲ್ಲ ಎಂದು ನಿರ್ದೇಶನ ಕೊಟ್ಟರು. "ಆ ಮೂಲಿದಕ್ಕ ಇನ್ನೊಂದು. ಅದಕ್ಕ ಯಾರೂ ಹಾಕಿಲ್ಲ, ಪಾಪ." ಪಕ್ಕದಲ್ಲಿ ನಿಂತ ಲಾರಿಯ ಡ್ರೈವರೊಬ್ಬ ಕಾಫಿ ಕುಡಿಯುತ್ತಾ ಎಲ್ಲವನ್ನೂ ನೋಡಿದ. ಟ್ಯಾಂಕಿನ ತಳ ಬರುವ ಹೊತ್ತಿಗೆ ಅನ್ನಪೂರ್ಣವ್ವ ತಮ್ಮ ಚೀಲದಿಂದ ಸ್ಟೀಲಿನ ತಂಬಿಗೆ ತೆಗೆದು ನಲ್ಲಿಗೆ ಹಿಡಿದರು.

"ಇಷ್ಟ್ ನೀರಿಗರ ನಿನ್ನ ಲೆಕ್ಕದಾಗ ಜಾಗಾ ಐತೋ ಇಲ್ಲೋ?"

"ಇದೆ, ಅತ್ತೆ."

ಮತ್ತೆ ತೂಕದ ಕಟ್ಟೆ ಹತ್ತಿದರು. ಅನ್ನಪೂರ್ಣವ್ವ ತಂಬಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದರು.

"ಇದು ತುಲಾಭಾರ ಆತಲ್ಲೋ ಸುಮಂತ. ಆ ಕಡೆ ತಕ್ಕಡ್ಯಾಗ ಏನ್ ಇಡ್ತೀರಿ, ಬೆಲ್ಲಾನ?"

"ಕಣಿಗಲಿ ಹೂವು," ಎಂದ ಸುಮಂತ್.

ಗೌರಿ ಚೀಟಿ ಹಿಡಿದು ಬಂದಳು. ಹಿಂದಿನ ಅಚ್ಚು ಮಿತಿಯೊಳಗೆ ಬಂದಿತ್ತು, ಮೇಲೆ ನೂರರ ಹತ್ತಿರ ಉಳಿದೂ ಇತ್ತು. ಅವಳು ಚೀಟಿಯನ್ನು ಮಡಚುತ್ತಿರುವಾಗ ಅತ್ತೆ ಕೇಳಿದರು, ಯಾರಿಗೂ ಕೇಳಿಸಬಾರದೆಂಬಂತೆ: "ಅದರಾಗ ನನ್ನ ತೂಕ ಎಷ್ಟ್ ಬಂದೈತಿ?"

"ಬೇರೆ ಬೇರೆ ಹೇಳಲ್ಲ ಅತ್ತೆ ಇದು. ಎಲ್ಲಾರ್ದೂ ಒಟ್ಟಿಗೇ."

"ಛಲೋ ಆತು ಬಿಡು."

ಮುಂದಿನ ದಾರಿಯಲ್ಲಿ ಸ್ಟಿಯರಿಂಗ್ ತನ್ನ ಗಟ್ಟಿತನಕ್ಕೆ ಮರಳಿತ್ತು. ಬಲಗಡೆ ಸಮುದ್ರ ಕಾಣಿಸಿಕೊಂಡಾಗ ಗಗನಾ ನಿದ್ದೆ ಹೋಗಿದ್ದಳು, ಸುಮಂತ್ ಕೂಡ. ಅನ್ನಪೂರ್ಣವ್ವ ಮಾತ್ರ ಎರಡೂ ಕೈಯಲ್ಲಿ ತಂಬಿಗೆ ಹಿಡಿದು ಎಚ್ಚರವಿದ್ದರು. ಗೌರಿ ಲೇನ್ ಬದಲಾಯಿಸಿದಾಗೆಲ್ಲ ನೀರು ತುಳುಕದಂತೆ ಮೈಯನ್ನು ತುಸು ವಾಲಿಸುತ್ತಿದ್ದರು. ಗೌರಿಯೂ ಆ ದಿನ ಲೇನ್ ಬದಲಾಯಿಸಿದ್ದು ಕಡಿಮೆ.

ಕ್ಯಾಂಪ್‌ಗ್ರೌಂಡಿನ ನಲ್ಲಿಯ ಪಕ್ಕದಲ್ಲಿ ಟ್ರೇಲರ್ ನಿಂತಿತು. ಸುಮಂತ್ ಪೈಪು ಜೋಡಿಸುತ್ತಿದ್ದಾಗ ಅನ್ನಪೂರ್ಣವ್ವ ಅವನನ್ನು ಸರಿಸಿ, ಮನೆಯಿಂದ ಬಂದ ತಂಬಿಗೆಯ ನೀರನ್ನು ಮೊದಲು ತೂತಿಗೆ ಸುರಿದರು. ಆಮೇಲೆ ಪೈಪಿನ ನೀರು ಸದ್ದು ಮಾಡುತ್ತಾ ಒಳಗೆ ಇಳಿಯತೊಡಗಿತು. ಅವರು ಕಿವಿಗೊಟ್ಟು ಕೇಳಿದರು.

"ಗೌರೀ, ಸಾಕೇನು? ಮತ್ತ ಭಾರ ಆದೀತು."

"ತುಂಬಲಿ ಬಿಡಿ ಅತ್ತೆ," ಎಂದಳು ಗೌರಿ, ಕುರ್ಚಿಗಳನ್ನು ಕಡಲಿನ ಕಡೆಗೆ ಹರವುತ್ತಾ. "ಈಗ ನಿಂತಿದ್ದೀವಲ್ಲ."