ಗೆರೆಗೆ ಗೆರೆ ಕೂಡಿದಾಗ

ಉಸಿರು ಬಿಗಿಹಿಡಿದು ಅವಳು ನಕ್ಷೆಯ ಎರಡನೆಯ ತುಂಡನ್ನೂ ಬಟ್ಟೆಯಿಂದ ಬಿಡಿಸಿದಳು. ಬೆಚ್ಚಗಿನ ನೀರಿಗೆ ಹಳೆಯ ಅಂಟು ಗಂಜಿಯಂತೆ ಕರಗಿತ್ತು. ಪಕ್ಕದ ಸ್ಟೂಲಿನ ಮೇಲಿದ್ದ ಮಾವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ತಾನು ಕೆಲಸ ಮಾಡುವ ನಕ್ಷೆ ಕಚೇರಿಯ ದುರಸ್ತಿ ಕೋಣೆಗೆ ಅವರನ್ನು ಅವಳೇ ಫೋನ್ ಮಾಡಿ ಕರೆಸಿಕೊಂಡಿದ್ದಳು. ಹರೆಯದಲ್ಲಿ ಮಾವ ಇದೇ ಕಚೇರಿಯ ಸರ್ವೆ ತಂಡದ ಜೊತೆ ಎರಡು ಶಿಖರಗಳ ನಡುವಿನ ಎತ್ತರದ ಹಿಮಕಣಿವೆಯನ್ನು ನಡೆದು ದಾಟಿದ್ದರಂತೆ. ಆದರೆ ಯಾವ ನಕ್ಷೆಯಲ್ಲೂ ಅಲ್ಲಿ ದಾರಿಯೇ ಇಲ್ಲ. ಅವರು ಬಾಯಿ ತೆರೆದರೆ ಸಾಕು, ಅವಳ ಗಂಡನೂ ಮಕ್ಕಳೂ ಬುರುಡೆ ಶುರುವಾಯಿತೆಂದು ಮುಸಿಮುಸಿ ನಗುತ್ತಿದ್ದರು. ಈಚೆಗೆ ಮಾವ ಕಣಿವೆಯ ಮಾತು ಎತ್ತುವುದನ್ನೇ ಬಿಟ್ಟಿದ್ದರು. ಅದನ್ನು ಕಂಡು ಅವಳ ಕರುಳು ಚುರುಕ್ಕೆಂದಿತ್ತು.

ಬೆಳಿಗ್ಗೆ ದುರಸ್ತಿಗೆ ಬಂದದ್ದು ಆ ಸರ್ವೆಯಲ್ಲಿ ಕೈಯಿಂದ ಬರೆದ ಮೂಲನಕ್ಷೆ. ಮಡಚಲು ಸುಲಭವಾಗಲೆಂದು ಆಗ ನಕ್ಷೆಯನ್ನು ಒಂದೇ ಅಳತೆಯ ತುಂಡುಗಳಾಗಿ ಕತ್ತರಿಸಿ, ನಡುವೆ ಸಂದು ಬಿಟ್ಟು ಬಟ್ಟೆಗೆ ಅಂಟಿಸುತ್ತಿದ್ದರು. ಎತ್ತರ ತೋರಿಸುವ ಕಂದು ಗೆರೆಗಳು ನಡುವಿನ ಎರಡು ತುಂಡುಗಳಲ್ಲಿ ಮಾತ್ರ ಅಕ್ಕಪಕ್ಕದವುಗಳೊಂದಿಗೆ ಕೂಡುತ್ತಿರಲಿಲ್ಲ. ಅಲ್ಲೇ ಒಂದು ಕೆಂಪು ಚುಕ್ಕಿಗೆರೆ ಹೋಗಿ ಬಂಡೆಗೆ ಢಿಕ್ಕಿ ಹೊಡೆದು ನಿಂತಿತ್ತು. ಆಮೇಲೆ ನಕಲು ಮಾಡಿದವರು ಅದನ್ನು ದಾರಿಯೆಂದು ನಂಬದೆ ಕೈಬಿಟ್ಟಿರಬೇಕು. ತುಂಡುಗಳು ಅದಲುಬದಲಾಗಿವೆ ಎಂದು ಹೊಳೆದದ್ದೇ ಅವಳು ಮಾವನಿಗೆ ಫೋನ್ ಮಾಡಿದ್ದಳು.

ಈಗ ಗಾಜಿನ ಮೇಲೆ ಎರಡರ ಜಾಗ ಬದಲಿಸಿ, ಬೆರಳ ತುದಿಯಿಂದ ಕೂದಲೆಳೆಯಷ್ಟು ಸರಿಸಿದಳು. ಗೆರೆಗೆ ಗೆರೆ ಕೂಡಿತು. ಕೆಂಪು ಚುಕ್ಕಿಗಳು ಹಿಮನದಿಯ ಪಕ್ಕದಲ್ಲೇ ಏರಿ, ಕಣಿವೆಯ ಅತಿ ಎತ್ತರದ ಜಾಗ ದಾಟಿ, ಆಚೆ ಇಳಿದವು.

"ಇದೇ ಕಣಮ್ಮ. ಇಲ್ಲೇ ನನ್ನ ಬೂಟು ಬಾಯಿಬಿಟ್ಟಿದ್ದು," ಎಂದು ಮಾವ ಎದ್ದೇ ನಿಂತರು. ಸಂತೋಷಕ್ಕೆ ಅವಳಿಗೂ ಕಣ್ಣು ತುಂಬಿತು.

ಮರುಗಳಿಗೆಗೇ ಅವರಿಗೆ ರೇಗಿತು. ಇಷ್ಟು ವರ್ಷ ತಮ್ಮನ್ನು ಬುರುಡೆದಾಸ ಮಾಡಿದ ಪುಣ್ಯಾತ್ಮ ಯಾರೆಂದು ನೋಡಲೇಬೇಕೆಂದರು. ನಡುವಿನ ತುಂಡನ್ನು ಅಂಟಿಸುವ ಮುನ್ನ ಅದರಡಿಯ ಬಟ್ಟೆಯ ಮೇಲೆ ಪೆನ್ಸಿಲಿನಲ್ಲಿ ರುಜು ಹಾಕುವುದು ಆ ಕೋಣೆಯ ಹಳೆಯ ರೂಢಿ. ಅವಳು ಉಳಿದ ಅಂಟನ್ನು ಒರೆಸಿ, ಓದಿ, ತುಟಿ ಕಚ್ಚಿ ಪಕ್ಕಕ್ಕೆ ಸರಿದು ನಿಂತಳು. ಮಾವ ಕನ್ನಡಕ ಏರಿಸಿ ಬಗ್ಗಿದರು. ಸರ್ವೆ ಇಲ್ಲದ ಚಳಿಗಾಲದಲ್ಲಿ ತಂಡದವರನ್ನೆಲ್ಲ ನಕ್ಷೆ ಅಂಟಿಸುವ ಕೆಲಸಕ್ಕೆ ಕೂರಿಸುತ್ತಿದ್ದರೆಂದು ಅವರೇ ಎಷ್ಟೋ ಸಲ ಹೇಳಿದ್ದರು. ರುಜು ಅವರದೇ.

ಮಾವ ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರು. ಆಮೇಲೆ ಮಾವನ ಹೊಟ್ಟೆ ಕುಲುಕತೊಡಗಿತು. ಇಬ್ಬರೂ ಮೇಜು ಹಿಡಿದುಕೊಂಡು ಬಿದ್ದು ಬಿದ್ದು ನಕ್ಕರು.

"ಮನೇಲಿ ದಾರಿ ಸಿಕ್ತು ಅಂತ ಮಾತ್ರ ಹೇಳಮ್ಮ," ಎಂದರು ಮಾವ, ಕಣ್ಣೊರೆಸಿಕೊಳ್ಳುತ್ತ.

ಅವಳು ತಲೆಯಾಡಿಸಿ ಹೊಸ ಬಟ್ಟೆ ಕತ್ತರಿಸಲು ಕೂತಳು. ಮಾವನ ಬೆರಳು ಆಗಲೇ ಒದ್ದೆ ಕಾಗದಕ್ಕೆ ತಾಗದಂತೆ, ಒಂದೊಂದೇ ಕೆಂಪು ಚುಕ್ಕಿಯ ಮೇಲೆ ನಿಂತು ನಿಂತು ಹತ್ತುತ್ತಿತ್ತು.