ಕಪ್ಪು ಇಂಪಾಲಾ

ಮಗ ಫೋನಿನಲ್ಲಿ ನಾಲ್ಕು ಮಾತು ಆಡಿದನೆಂದು ಹಬ್ಬ ಮಾಡುವ ಅಪ್ಪಂದಿರು ಲೋಕದಲ್ಲಿ ಹೆಚ್ಚಿಲ್ಲ. ಸಿಡ್ನಿಯ ಕೆಲ್ಲಿವಿಲ್ಲಿನಲ್ಲಿದ್ದ ತ್ರಿವಿಕ್ರಮ ಆ ಭಾನುವಾರ ಹಬ್ಬವನ್ನೇ ಮಾಡಿದ. ರಿಸೀವರ್ ಇಟ್ಟವನೇ ಅಡುಗೆಮನೆಗೆ ಬಂದು, "ಜಯಾ, ಪಾಯಸ ಮಾಡು" ಅಂದ. ಯಾರಿಗೆ ಏನಾಯಿತೋ ಎಂದು ಜಯಲಕ್ಷ್ಮಿ ಸೌಟು ಹಿಡಿದುಕೊಂಡೇ ತಿರುಗಿದಳು.

"ಸಮೀರ ಮಾತಾಡಿದ ಕಣೆ. ತಾನಾಗೇ ಮಾತಾಡಿದ. ಕೊನೆಗೆ ನಾನೇ ಫೋನ್ ಇಡಬೇಕಾಯ್ತು."

ಸಮೀರ ಅವರ ಒಬ್ಬನೇ ಮಗ. ಮೆಡಿಸಿನ್ ಓದುತ್ತಿದ್ದವನು ಮೂರನೇ ವರ್ಷದ ನಡುವೆ ಪುಸ್ತಕ ಮುಚ್ಚಿಟ್ಟು, ಇದು ನನ್ನ ಕೈಲಾಗುವುದಿಲ್ಲ ಎಂದಿದ್ದ. ತ್ರಿವಿಕ್ರಮ ಮೈಸೂರಿನಲ್ಲಿ ಓದಿದ ಇಂಜಿನಿಯರು. ಪ್ಯಾರಮಟ್ಟಾದ ಆಫೀಸಿನಲ್ಲಿ ಕೂತು ಸೇತುವೆಗಳ ಭಾರದ ಲೆಕ್ಕ ಹಾಕುವ ಕೆಲಸ. ಅವನ ಒಂದು ಸೇತುವೆಯೂ ಈವರೆಗೆ ಬಿರುಕು ಬಿಟ್ಟಿರಲಿಲ್ಲ, ಆ ಜಂಬ ಅವನಿಗೆ ಇತ್ತು. ಅಂಥವನ ಮನೆಯಲ್ಲೇ ಹೀಗಾದರೆ? ಅವತ್ತು ಆಡಬಾರದ ಮಾತೆಲ್ಲ ಆಡಿದ. ಹುಡುಗ ಬ್ಯಾಗು ಹೊತ್ತುಕೊಂಡು ಮೆಲ್ಬರ್ನಿಗೆ ಹೋಗಿ ಬ್ರನ್ಸ್‌ವಿಕ್‌ನ ಬೇಕರಿಯೊಂದರಲ್ಲಿ ಕೆಲಸಕ್ಕೆ ಸೇರಿದ. ಎರಡು ವರ್ಷವಾಯಿತು, ಮನೆಗೆ ಕಾಲಿಟ್ಟಿಲ್ಲ.

ಕನ್ನಡ ಸಂಘದ ಯುಗಾದಿ ಊಟದಲ್ಲಿ ಯಾರಾದರೂ ವಿಚಾರಿಸಿದರೆ ತ್ರಿವಿಕ್ರಮ, "ಮೆಲ್ಬರ್ನಲ್ಲಿ ಕಂಟಿನ್ಯೂ ಮಾಡ್ತಿದಾನೆ" ಅನ್ನುತ್ತಿದ್ದ. ಏನನ್ನು ಎಂದು ಕೆದಕುವವರು ಸಿಕ್ಕರೆ, "ಹಾಸ್ಪಿಟಲ್, ತುಂಬಾ ಕೆಲಸ" ಎಂದು ಹೇಳಿ ಹೋಳಿಗೆಯ ಕಡೆ ನಡೆದುಬಿಡುತ್ತಿದ್ದ. ಜಯಲಕ್ಷ್ಮಿ ಆ ಹೊತ್ತಿಗೆ ಬೇರೆ ಕಡೆ ನೋಡುತ್ತಿದ್ದಳು.

ಭಾನುವಾರದ ಫೋನು ಒಂದು ಕಂದಾಯದ ಹಾಗೆ ನಡೆಯುತ್ತಿತ್ತು. ಊಟ ಆಯ್ತಾ? ಯಾ. ಚಳಿ ಇದೆಯಾ? ಬಿಟ್. ಅಮ್ಮನಿಗೆ ಕೊಡಲಾ? ಓಕೆ. ಅವತ್ತು ಮಾತ್ರ ಹೇಳಲು ಇನ್ನೇನೂ ಸಿಕ್ಕದೆ ತ್ರಿವಿಕ್ರಮ, ವಿಂಡ್ಸರ್ ರಸ್ತೆಯಲ್ಲಿ ಒಂದು ದೊಡ್ಡ ಕರಿ ಕಾರು ನೋಡಿದೆ, ಪಕ್ಕದಲ್ಲಿ ಹಾರುವ ಜಿಂಕೆಯ ಗುರುತಿತ್ತು, ಇಂಪಾಲಾ ಅಂತ ಬರೆದಿತ್ತು ಎಂದ.

ಆ ಕಡೆಯಿಂದ, "ನೋ ವೇ! ಫೋರ್ ಡೋರಾ ಅಪ್ಪ? ಬ್ಲ್ಯಾಕಾ?"

ಅಲ್ಲಿಂದ ಶುರುವಾದದ್ದು ನಿಲ್ಲಲೇ ಇಲ್ಲ. ಅದು ಇಂಪಾಲಾ ಎಸ್‌ಎಸ್. ಎಸ್‌ಎಸ್ ಅಂದರೆ ಸೂಪರ್ ಸ್ಪೋರ್ಟ್. ಮಾಡಿದ್ದು ಮೂರೇ ವರ್ಷ, ತೊಂಬತ್ನಾಲ್ಕರಿಂದ ತೊಂಬತ್ತಾರರವರೆಗೆ. ಅಮೆರಿಕದ ಪೊಲೀಸರ ಕಾರಿನ ಮೈಕಟ್ಟು, ಒಳಗೆ ರೇಸಿನ ಕಾರಿಗೆ ಹಾಕುವಂಥ ಎಂಟು ಸಿಲಿಂಡರಿನ ಇಂಜಿನ್ನು. ನೋಡಿದರೆ ಗೃಹಸ್ಥನ ಕಾರು, ತುಳಿದರೆ ಬೇರೆಯೇ. "ನೈಂಟಿಫೋರ್ ಈಸ್ ದ ಒನ್, ಅಪ್ಪ. ಆ ವರ್ಷ ಬ್ಲ್ಯಾಕ್ ಬಿಟ್ರೆ ಬೇರೆ ಕಲರೇ ಮಾಡ್ಲಿಲ್ಲ." ಅನಾಟಮಿ ಪುಸ್ತಕಗಳ ಮೇಲಿನ ಗೋಡೆಯಲ್ಲಿ ಹುಡುಗ ಅಂಟಿಸಿದ್ದ ಚಿತ್ರ ಆ ಕಾರಿನದೇ ಎಂದು ತ್ರಿವಿಕ್ರಮನಿಗೆ ಆಗ ಹೊಳೆಯಿತು. ಅದನ್ನು ಅವನು ದಿನವೂ ನೋಡಿದ್ದ, ಯಾವ ಕಾರು ಎಂದು ಒಮ್ಮೆಯೂ ಕೇಳಿರಲಿಲ್ಲ.

ಮಾರನೆಯ ದಿನದಿಂದ ಐವತ್ತೈದರ ತ್ರಿವಿಕ್ರಮ ಪರೀಕ್ಷೆಗೆ ಕೂತ ಹುಡುಗನಂತಾದ. ಮಗನ ಕೋಣೆಯಲ್ಲಿದ್ದ ಕಾರಿನ ಮ್ಯಾಗಜೀನುಗಳನ್ನೆಲ್ಲ ಊಟದ ಮೇಜಿಗೆ ತಂದು ಹರಡಿಕೊಂಡ. ಇಂಪಾಲಾ ಅವನಿಗೆ ಹೊಸ ಹೆಸರೇನೂ ಅಲ್ಲ. ಅವನು ಚಿಕ್ಕವನಾಗಿದ್ದಾಗ ಮೈಸೂರಿನಲ್ಲಿ ಇಂಪಾಲಾ ಅಂದರೆ ಅಂತಸ್ತು. ಗಿರಣಿ ಸಾಹುಕಾರರೊಬ್ಬರದು ರಸ್ತೆಗೆ ಇಳಿದರೆ ಟಾಂಗಾದವರೂ ಬದಿಗೆ ಸರಿದು ನಿಂತು ನೋಡುತ್ತಿದ್ದರು. ಆ ಹೆಸರು ಹುಟ್ಟಿದ್ದು ಐವತ್ತೆಂಟರಲ್ಲಿ, ಎಸ್‌ಎಸ್ ಸೇರಿಕೊಂಡಿದ್ದು ಅರವತ್ತೊಂದರಲ್ಲಿ, ಎಂಬತ್ತೈದರಲ್ಲಿ ಹೆಸರೇ ನಿಂತುಹೋಯಿತು, ಒಂಬತ್ತು ವರ್ಷದ ಮೇಲೆ ಮತ್ತೆ ಎದ್ದು ಬಂತು. ಬಂದ ಮರುವರ್ಷ ಕಪ್ಪಿನ ಜೊತೆಗೆ ಇನ್ನೆರಡು ಬಣ್ಣ: ಒಂದು ಕಡುಗೆಂಪು, ಇನ್ನೊಂದು ಬೂದಿ ಬೆರೆತ ಹಸಿರು.

ಪ್ರತಿ ಭಾನುವಾರವೂ ಒಂದೊಂದು ಸಂಗತಿ ಎತ್ತಿಕೊಂಡು ಫೋನಿಗೆ ಕೂರುತ್ತಿದ್ದ. ಕೆಲವು ಸಲ ಬೇಕೆಂದೇ ತಪ್ಪು ಹೇಳುತ್ತಿದ್ದ. "ಗೇರು ಫ್ಲೋರಿಗೆ ಬಂದಿದ್ದು ನೈಂಟಿಫೈವಲ್ಲಿ ಅಲ್ವೇನೋ?" "ಇಲ್ಲಪ್ಪ, ನೈಂಟಿಸಿಕ್ಸ್! ಅಲ್ಲೀವರೆಗೂ ಸ್ಟೀರಿಂಗ್ ಪಕ್ಕದಲ್ಲೇ ಇತ್ತು." ಮಗನ ಕೈಲಿ ತಿದ್ದಿಸಿಕೊಳ್ಳುವುದರಲ್ಲಿ ಅಷ್ಟು ಸುಖವಿದೆ ಎಂದು ತ್ರಿವಿಕ್ರಮನಿಗೆ ಗೊತ್ತೇ ಇರಲಿಲ್ಲ. ಹೀಗೇ ಒಂದು ಸಲ ಸಮೀರ, "ಒಂದಿನ ಅದ್ರಲ್ಲಿ ಹ್ಯೂಮ್ ಹೈವೇ ಮೇಲೆ ಸಿಡ್ನಿವರೆಗೂ ಡ್ರೈವ್ ಮಾಡ್ಬೇಕು ಅಪ್ಪ, ಒಂದೇ ಸ್ಟ್ರೆಚ್" ಎಂದ.

ಸಿಡ್ನಿವರೆಗೂ. ಅಪ್ಪನ ಕಿವಿಗೆ ಬಿದ್ದದ್ದು ಅದೊಂದೇ. ಮಗ ಮನೆಗೆ ಬರುವ ದಾರಿ ಅವನಿಗೆ ಕಂಡುಬಿಟ್ಟಿತು.

ವಿಂಡ್ಸರ್ ರಸ್ತೆಯ ಆ ಕಾರನ್ನು ಪತ್ತೆ ಮಾಡುವುದು ಕಷ್ಟವಾಗಲಿಲ್ಲ, ಅಂಥದ್ದು ಆ ಸೀಮೆಯಲ್ಲಿ ಒಂದೇ ಇತ್ತು. ರೌಸ್ ಹಿಲ್ ದಾಟಿ ಕುದುರೆ ಸಾಕುವವರ ಜಾಗದಲ್ಲಿ ಡೇಲ್ ಎಂಬ ಅಮೆರಿಕನ್ ಇದ್ದ. ಕೆಲಸದ ಮೇಲೆ ಇಲ್ಲಿಗೆ ಬರುವಾಗ ಕಾರನ್ನು ಹಡಗಿನಲ್ಲಿ ತಂದು, ಸ್ಟೀರಿಂಗನ್ನು ಎಡದಿಂದ ಬಲಕ್ಕೆ ಹಾಕಿಸಿಕೊಂಡಿದ್ದ. ಈಗ ಊರಿಗೆ ಹೊರಟಿದ್ದರಿಂದ ಮಾರುವ ಯೋಚನೆಯಲ್ಲಿದ್ದ. ತೊಂಬತ್ನಾಲ್ಕರ ಕಾರು, ಅಪ್ಪಟ ಕಪ್ಪು. ತ್ರಿವಿಕ್ರಮ ಓಡಿಸಿ ನೋಡಿದ. ಸ್ಟೀರಿಂಗಿನ ಪಕ್ಕದ ಗೇರಿನ ಕಡ್ಡಿ ಹಿಡಿದಾಗ ಊರಿನ ಅಂಬಾಸಿಡರ್ ನೆನಪಾಗಿ ನಗು ಬಂತು. ಆಕ್ಸಿಲರೇಟರ್ ತುಳಿದಾಗ ನಗು ನಿಂತಿತು, ಬೆನ್ನು ಸೀಟಿಗೆ ಅಂಟಿಕೊಂಡಿತು. ತರಕಾರಿಗೂ ಚೌಕಾಸಿ ಮಾಡುವ ಮನುಷ್ಯ ಕೇಳಿದ ಬೆಲೆಗೆ ಒಪ್ಪಿಕೊಂಡು ಕೈ ಕುಲುಕಿದ. "ಫಸ್ಟ್ ಇಯರ್ ಬ್ಲ್ಯಾಕ್, ಟೇಕ್ ಕೇರ್ ಆಫ್ ಹರ್" ಎಂದು ಡೇಲ್ ಕೀ ಕೊಟ್ಟ.

ಕಾರು ಮನೆಯ ಮುಂದೆ ಬಂದು ನಿಂತಾಗ ಜಯಲಕ್ಷ್ಮಿ ಆರತಿ ತಟ್ಟೆ ಹಿಡಿದು ಬಾಗಿಲಿಗೆ ಬಂದವಳು ಹೊಸಿಲು ದಾಟಲಿಲ್ಲ.

"ರೀ, ಕರಿ ಗಾಡಿನಾ? ಮಗೂಗೆ ಕೊಡೋಕೆ ಕರಿ ಗಾಡಿ ತಂದಿದೀರಾ? ನಮ್ಮ ಮೂರ್ತಿ ಹೋಗಿದ್ದು ಎಂಥ ಗಾಡೀಲಿ ಅಂತ ಮರ್ತೇಹೋಯ್ತಾ?"

ಮೂರ್ತಿ ಅವಳ ಅಣ್ಣ. ಚನ್ನಪಟ್ಟಣದ ಹತ್ತಿರ ಲಾರಿಗೆ ಸಿಕ್ಕಿಕೊಂಡ ಅವನ ಅಂಬಾಸಿಡರ್ ಕಪ್ಪಗಿತ್ತು. ಆ ಕಾಲಕ್ಕೆ ಊರಿನ ಅರ್ಧ ಅಂಬಾಸಿಡರುಗಳು ಕಪ್ಪಗೇ ಇದ್ದವು ಎಂದು ತ್ರಿವಿಕ್ರಮ ಹೇಳಿ ನೋಡಿದ. ಅವಳು ದೇವಸ್ಥಾನದ ಪುರೋಹಿತರಿಗೆ ಫೋನ್ ಮಾಡಿದಳು. ಅವರು ಸಮೀರನ ರಾಶಿ ಕೇಳಿ, ಸಾಡೇಸಾತಿ ನಡೆಯುತ್ತಿದೆ, ಶನಿಯ ಬಣ್ಣದ ವಾಹನ ಈಗ ಬೇಡವೇ ಬೇಡ ಎಂದುಬಿಟ್ಟರು. ತ್ರಿವಿಕ್ರಮ ಇದನ್ನೆಲ್ಲ ನಂಬುವವನೇ ಅಲ್ಲ. ಆದರೆ ಅವನ ಅಪನಂಬಿಕೆಗೆ ಒಂದು ಮಿತಿಯಿತ್ತು. ವಿಷಯ ಮಗನ ತಲೆಯವರೆಗೆ ಬಂದರೆ ಅದು ಅಲ್ಲೇ ನಿಲ್ಲುತ್ತಿತ್ತು. ಯಾಕೆ ರಿಸ್ಕು?

ಎರಡು ದಿನ ಯೋಚಿಸಿದ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಕೊನೆಗೆ ಮ್ಯಾಗಜೀನು ತೆಗೆದು ತೊಂಬತ್ತೈದರ ಪುಟ ಹೆಂಡತಿಯ ಮುಂದಿಟ್ಟ. ಕಡುಗೆಂಪು, ಹೆಚ್ಚುಕಡಿಮೆ ಕುಂಕುಮದ ಬಣ್ಣ. ಕಂಪನಿಯವರೇ ಕೊಟ್ಟ ಬಣ್ಣ, ಕಾರಿಗೆ ಹೊರತೇನಲ್ಲ. ಜಯಲಕ್ಷ್ಮಿಯ ಮುಖ ಅರಳಿತು. ತನ್ನ ಓದು ಎಷ್ಟು ಉಪಯೋಗಕ್ಕೆ ಬಂತು ಎಂದು ತ್ರಿವಿಕ್ರಮ ಬೀಗಿದ. ಪೇಂಟ್ ಅಂಗಡಿಯವನು ಕಾರನ್ನು ಒಂದು ಸುತ್ತು ಹಾಕಿ, "ಆರ್ ಯೂ ಶ್ಯೂರ್, ಮೇಟ್?" ಎಂದು ಕೇಳಿದ. ಇವನು ತಲೆಯಾಡಿಸಿದ.

ಕೆಂಪು ಕಾರು ಬಂದ ದಿನ ಪೂಜೆಯಾಯಿತು. ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸಿದರು, ತೆಂಗಿನಕಾಯಿ ಒಡೆದರು. ಜಯಲಕ್ಷ್ಮಿ ಕೋಡುಬಳೆ, ಚಟ್ನಿಪುಡಿ ಕಟ್ಟಿಕೊಟ್ಟು, ಸಮೀರನ ಕೋಣೆಯ ಹಾಸಿಗೆಗೆ ಹೊಸ ಹೊದಿಕೆ ಹಾಕಿದಳು. ಮೆಲ್ಬರ್ನಿನಿಂದ ಬರುವಾಗ ಇಬ್ಬರು ಬರುತ್ತಾರೆಂದು ಅವಳಿಗೆ ಅನುಮಾನವೇ ಇರಲಿಲ್ಲ. "ಅವನಿಗೇ ಓಡಿಸೋಕೆ ಕೊಡಿ, ನೀವು ಪಕ್ಕದಲ್ಲಿ ಸುಮ್ನೆ ಕೂತ್ಕೊಳಿ. ಉಪದೇಶ ಬೇಡ" ಎಂದು ಗೇಟಿನವರೆಗೂ ಹೇಳುತ್ತಾ ಬಂದಳು.

ದಾರಿಯ ನಡುವಿನ ಗಂಡಗೈ ಎಂಬ ಊರಿನಲ್ಲಿ ರಾತ್ರಿ ತಂಗಿ, ಮರುದಿನ ಮಧ್ಯಾಹ್ನ ಅವನು ಬ್ರನ್ಸ್‌ವಿಕ್ ಸೇರಿದ. ಸಮೀರನ ಬಾಡಿಗೆ ಮನೆ ಬೇಕರಿಯ ಹಿಂದಿನ ಗಲ್ಲಿಯಲ್ಲಿತ್ತು. ಮುಂದೆ ಕಾರು ನಿಲ್ಲಿಸಿ ಹಾರ್ನ್ ಹೊಡೆದ. ಮನೆಯಲ್ಲೂ ಬ್ರೆಡ್ಡು ಮಾಡುತ್ತಿದ್ದ ಹುಡುಗ ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡೇ ಹೊರಗೆ ಬಂದ. ಕಾರು ನೋಡಿದ, ಒಳಗಿದ್ದ ಅಪ್ಪನನ್ನು ನೋಡಿದ. ಅವನ ಮುಖ ಹತ್ತು ವರ್ಷದ ಹುಡುಗನ ಮುಖವಾಯಿತು. ತ್ರಿವಿಕ್ರಮನಿಗೆ ಬದುಕಿದ್ದಕ್ಕೆ ಇಷ್ಟು ಸಾಕು ಅನ್ನಿಸಿತು.

"ನೈಂಟಿಫೈವಾ ಅಪ್ಪ?"

"ನೈಂಟಿಫೈವ್ ಯಾಕೆ? ನೈಂಟಿಫೋರ್!" ಎಂದ ತ್ರಿವಿಕ್ರಮ, ಎದೆಯುಬ್ಬಿಸಿ.

ಸಮೀರ ಬಂದು ಬಾಗಿಲು ತೆಗೆದ. ಬಾಗಿಲು ಕೂಡುವ ಸಂದಿಯಲ್ಲಿ, ಕೀಲುಗಳ ಹಿಂದೆ, ಹಳೆಯ ಕಪ್ಪು ಹಾಗೇ ಇತ್ತು. ಅದರ ಮೇಲೆ ಹೆಬ್ಬೆರಳು ಆಡಿಸಿದ. ಕಪ್ಪಿನ ಮೇಲೆ ಹಿಟ್ಟಿನ ಗೆರೆ ಮೂಡಿತು.

"ಪೇಂಟ್ ಮಾಡಿಸಿದ್ಯಾ?"

"ಕಂಪನಿ ಕಲರೇ ಕಣೋ. ಮಾರನೇ ವರ್ಷ ಅವರೇ ಕೊಟ್ಟಿದ್ದು. ನಿಮ್ಮಮ್ಮಂಗೆ ಕರಿ ಬಣ್ಣ ಅಂದ್ರೆ ಗೊತ್ತಲ್ಲ, ಮೂರ್ತಿ ಮಾವಂದು ಹಾಗಾದ ಮೇಲೆ... ನಿಂಗೆ ಬೇರೆ ಸಾಡೇಸಾತಿ..."

"ಐ ನೋ, ಅಪ್ಪ."

ಸಿಟ್ಟಿರಲಿಲ್ಲ. ತ್ರಿವಿಕ್ರಮ ಸಿಟ್ಟಿಗಾಗಿ ಕಾದ. ಮಗ ಮಂಗಳಾರತಿ ಎತ್ತಿದ್ದರೆ ಕ್ಷಮೆ ಕೇಳಿ, ಮತ್ತೆ ಕಪ್ಪು ಹೊಡೆಸಿಕೊಡುತ್ತೇನೆ ಎಂದು ಕಾಲಿಗೆ ಬೀಳಲೂ ಅವನು ತಯಾರಿದ್ದ. ಸಮೀರ ಬಾಗಿಲನ್ನು ಮೆಲ್ಲಗೆ ಮುಚ್ಚಿ ಅಪ್ಪನನ್ನು ಒಳಗೆ ಕರೆದ. ಕುರ್ಚಿಯ ಮೇಲಿನ ಬಟ್ಟೆ ತೆಗೆದು ಕೂರಿಸಿ, ಟೀ ಮಾಡಿ, ಬಿಸಿ ಬ್ರೆಡ್ಡು ಕತ್ತರಿಸಿಕೊಟ್ಟ. ಅಮ್ಮನ ಮಂಡಿನೋವು ಕೇಳಿದ. ಬ್ರೆಡ್ಡು ನಿಜಕ್ಕೂ ಚೆನ್ನಾಗಿತ್ತು, ಅದನ್ನಾದರೂ ಹೇಳಬಹುದಿತ್ತು. ತ್ರಿವಿಕ್ರಮ ಇನ್ನೊಂದು ತುಂಡಿಗೆ ಕೈ ಹಾಕಿದ.

"ಚಕ್ರಪಾಣಿ ಅಂಕಲ್ ಲಾಸ್ಟ್ ಮಂತ್ ಅಂಗಡಿಗೆ ಬಂದಿದ್ರು" ಎಂದ ಸಮೀರ.

ಚಕ್ರಪಾಣಿ ತ್ರಿವಿಕ್ರಮನ ಹಳೆಯ ಸಹಪಾಠಿ, ಮೆಲ್ಬರ್ನಿನಲ್ಲೇ ಇದ್ದವನು. ತ್ರಿವಿಕ್ರಮ ಟೀ ಕಪ್ಪನ್ನು ಕೆಳಗಿಟ್ಟ.

"ಯಾವ ಹಾಸ್ಪಿಟಲ್ಲಪ್ಪಾ ನಿಂದು ಅಂತ ಕೇಳಿದ್ರು. ನಾನು ಏಪ್ರನ್ ಹಾಕ್ಕೊಂಡು ಅವರಿಗೇ ಲೋಫ್ ಸ್ಲೈಸ್ ಮಾಡ್ತಿದ್ದೆ."

"ನೀನು... ಏನಂದೆ?"

"ನೀವು ಬೇರೆ ಯಾರೋ ಅಂದ್ಕೊಂಡಿದೀರ, ನಾನು ತ್ರಿವಿಕ್ರಮ ಅವರ ಮಗ ಅಲ್ಲ ಅಂದೆ." ಹುಡುಗ ಮೇಜಿನ ಮೇಲಿನ ಬ್ರೆಡ್ಡಿನ ಪುಡಿಯನ್ನು ಅಂಗೈಗೆ ಒಟ್ಟುಮಾಡಿಕೊಂಡ. "ಇಟ್ ವಾಸ್ ಈಸಿಯರ್. ನಿಂಗೂ ಈಸಿ ಅಲ್ವಾ?"

ತ್ರಿವಿಕ್ರಮನಿಗೆ ಮುಖ ಎತ್ತಲಾಗಲಿಲ್ಲ. ಅಪ್ಪನ ಮಾನ ಉಳಿಸಲು ಮಗ ತನ್ನನ್ನೇ ಅಳಿಸಿಕೊಂಡಿದ್ದ. ಅದೂ ಕಾರಿನ ಮಾತು ರಂಗೇರಿದ್ದ ಆ ದಿನಗಳಲ್ಲೇ. ಫೋನಿನಲ್ಲಿ ಈ ಸಂಗತಿ ಅವನು ಒಂದು ಸಲವೂ ಎತ್ತಿರಲಿಲ್ಲ.

"ಕಾರ್ ಇಟ್ಕೋ ಸಮೀರ. ಬಣ್ಣ ಬದಲಾಯಿಸೋಣ. ಕಪ್ಪೇ ಹೊಡೆಸೋಣ, ನಾಳೆನೇ."

"ಮತ್ತೆ ಹೊಡೆದ್ರೆ ಅದು ಪೇಂಟ್ ಆಗುತ್ತೆ ಅಪ್ಪ. ಮುಂಚೆ ಅದು ಹುಟ್ಟಿದಾಗಿನ ಹಾಗೇ ಇತ್ತು."

"ಹೋಗ್ಲಿ, ಬರೀ ಸಿಡ್ನಿವರೆಗೆ ಬಾ. ನೀನೇ ಓಡಿಸು. ಒಂದು ರಾತ್ರಿ ಇದ್ದು ವಾಪಸ್ ಬಂದ್ಬಿಡು. ಅಮ್ಮ ಕಾಯ್ತಿದಾಳೆ ಕಣೋ."

ಸಮೀರ ಕಿಟಕಿಯ ಹೊರಗೆ ಕಾರನ್ನು ನೋಡಿದ. ಯೋಚಿಸುತ್ತಿದ್ದಾನೆ ಎಂದು ತ್ರಿವಿಕ್ರಮನಿಗೆ ಅನ್ನಿಸಿತು.

"ನೋ, ಅಪ್ಪ" ಎಂದ ಹುಡುಗ. ದನಿ ಮೃದುವಾಗೇ ಇತ್ತು. ಆ ಮೃದುತನದಲ್ಲಿ ಜಗ್ಗಾಡಲು ಎಲ್ಲೂ ಹಿಡಿ ಸಿಗಲಿಲ್ಲ.

ಶಿಫ್ಟಿಗೆ ಹೊತ್ತಾಯಿತೆಂದು ಇಬ್ಬರೂ ಎದ್ದರು. ಅಮ್ಮ ಕಳಿಸಿದ ಕೋಡುಬಳೆಯ ಡಬ್ಬಿಯನ್ನು ಸಮೀರ ಎರಡೂ ಕೈಯಲ್ಲಿ ತೆಗೆದುಕೊಂಡ. ಕಾರಿನವರೆಗೆ ಜೊತೆಗೆ ಬಂದ. ಅಪ್ಪ ಕೂತ ಮೇಲೆ ಕಿಟಕಿಗೆ ಬಗ್ಗಿ, ಅಂಗಡಿಗೆ ಬಂದ ಗಿರಾಕಿಯನ್ನು ಕಳಿಸಿಕೊಡುವವನಂತೆ ನಕ್ಕು, ಎರಡು ಮಾತು ಹೇಳಿ ಒಳಗೆ ಹೋದ.

ಸೀಮೋರ್ ಊರು ದಾಟಿದ ಮೇಲೆ ಪೆಟ್ರೋಲ್ ಬಂಕೊಂದರ ಪಬ್ಲಿಕ್ ಫೋನಿನಿಂದ ತ್ರಿವಿಕ್ರಮ ಮನೆಗೆ ಫೋನ್ ಮಾಡಿದ. ಜಯಲಕ್ಷ್ಮಿ ಪಕ್ಕದಲ್ಲೇ ಕಾದಿದ್ದಳು, ಒಂದೇ ರಿಂಗಿಗೆ ಎತ್ತಿದಳು.

"ಹೊರಟ್ರಾ? ಅವನ ಕೈಲಿ ಕೊಡಿ ಫೋನು."

"ಅವನು ಬರ್ಲಿಲ್ಲ."

"ಬರ್ಲಿಲ್ವಾ? ಬೈದ್ನಾ?"

"ಬೈಲಿಲ್ಲ."

"ಜಗಳ ಆಯ್ತಾ?"

"ಇಲ್ಲ. ಟೀ ಕೊಟ್ಟ. ಹೊರಡೋವಾಗ, ಥ್ಯಾಂಕ್ಸ್ ಫಾರ್ ಕಮಿಂಗ್ ಅಂದ."

ಅವರ ಮನೆಯಲ್ಲಿ ಯಾರೂ ಯಾರಿಗೂ ಥ್ಯಾಂಕ್ಸ್ ಹೇಳಿದ್ದಿಲ್ಲ. ಅಮ್ಮ ಅನ್ನ ಬಡಿಸಿದರೆ, ಅಪ್ಪ ಫೀಸು ಕಟ್ಟಿದರೆ ಥ್ಯಾಂಕ್ಸ್ ಹೇಳುವುದುಂಟೇ? ಅದು ಹೊರಗಿನವರಿಗೆ ಹೇಳುವ ಮಾತು.

"ಥ್ಯಾಂಕ್ಸಾ?" ಎಂದಳು ಜಯಲಕ್ಷ್ಮಿ. "ನಮಗಾ?"

ತ್ರಿವಿಕ್ರಮ ಹೂಂ ಅಂದ. ಅವಳು ಅಳಲು ಶುರುಮಾಡಿದಳು. ನಾಣ್ಯ ಮುಗಿದು ಲೈನು ಕಡಿದುಹೋಗುವವರೆಗೂ ರಿಸೀವರನ್ನು ಕಿವಿಗೆ ಹಿಡಿದು ಕೇಳುತ್ತಾ ನಿಂತ.