ಪರದೆಯಾಚೆಯಿಂದ ಊಟಕ್ಕೆ ಕರೆದವಳು

ತೀರ್ಪುಗಾರರಲ್ಲಿ ಒಬ್ಬರಾದರೂ ಬಂದು ಒಂದೇ ಒಂದು ಪ್ರಶ್ನೆ ಕೇಳಬೇಕು. ಡೆಲಿನ್‌ಗೆ ಬೇಕಾಗಿದ್ದುದು ಅಷ್ಟೇ. ಪ್ರಶ್ನೆ ಬೀಳದ ಭಿತ್ತಿಪತ್ರವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದು ಕಾಲೇಜಿನ ಸಂಶೋಧನಾ ಮೇಳದ ಕಟ್ಟಳೆ. ಲೆಕ್ಕಕ್ಕೆ ಬಾರದಿದ್ದರೆ ಸೆಬು ನಗರದ ದೊಡ್ಡ ಸಂಶೋಧಕರ ಸಭೆಗೆ ಅವಳ ಅಧ್ಯಯನ ಹೋಗುವಂತಿಲ್ಲ.

ಕಾಲೇಜು ಇದ್ದದ್ದು ಪಟ್ಟಣದಲ್ಲಿ. ಅವಳಿದ್ದದ್ದು ಬೊಹೋಲ್ ಕಡಲಿನ ಅಂಗೈಯಗಲದ ದ್ವೀಪದಲ್ಲಿ, ಕಡಲಪಾಚಿ ಬೆಳೆಯುವವರ ನಡುವೆ. ಮೊಬೈಲಿನಲ್ಲೇ ಪಾಠ ಕೇಳಿ ಮೇಲೆ ಬಂದವಳು. ಹಗ್ಗಕ್ಕೆ ಕಟ್ಟಿದ ಪಾಚಿ, ಯಾರೋ ಜೀವ ಹೀರಿದಂತೆ, ಬಿಳಿಚಿಕೊಂಡು ಉದುರುವ ರೋಗವೇ ಅವಳ ವಿಷಯ. ಆನ್‌ಲೈನ್ ವಿದ್ಯಾರ್ಥಿಗಳೂ ಮೇಳದಲ್ಲಿ ನಿಲ್ಲಲಿ ಎಂದು ಕಾಲೇಜು ಒಪ್ಪಿದ್ದು ಈ ವರ್ಷವೇ. ಸಹಪಾಠಿ ಜಿಂಕಿ ಭಿತ್ತಿಪತ್ರದ ಪಕ್ಕ ಒಂದು ಕೋಲು ನಿಲ್ಲಿಸಿ, ಡೆಲಿನ್‌ಳ ಮುಖವಿದ್ದ ಟ್ಯಾಬ್ಲೆಟ್ಟನ್ನು ಅದಕ್ಕೆ ಸಿಕ್ಕಿಸಿದಳು.

"ಸೊಂಟದ ಕೆಳಗಿಂದು ಮನೇಲಿಟ್ಟು ಅರ್ಧ ಮೈಯಲ್ಲೇ ಹಾರಿ ಬರೋ ಮನನಂಗಲ್ ದೆವ್ವದ ಥರ ಇದೀಯ ಕಣೇ!"

"ಆ ದೆವ್ವ ಕಂಡ್ರೆ ಜನ ಓಡ್ತಾರೆ. ನನ್ನ ಕಂಡು ನಿಂತ್ರೆ ಸಾಕು," ಎಂದಳು ಡೆಲಿನ್.

ಯಾರೂ ನಿಲ್ಲಲಿಲ್ಲ. ಜಿಂಕಿಯನ್ನು ತಿಂಡಿ ಬಡಿಸಲು ಯಾರೋ ಕರೆದೊಯ್ದರು. ಜನ ಬಂದರು, ನೋಡಿದರು, ಹೋದರು. ಡೆಲಿನ್ ಬಾಯಿಪಾಠ ಮಾಡಿದ್ದನ್ನು ತಡವರಿಸದೆ, ನಗುಮುಖದಿಂದ ಹೇಳುತ್ತಲೇ ಇದ್ದಳು. ಒಬ್ಬ ಹುಡುಗಿ ಬಂದು ಪರದೆಯಲ್ಲಿದ್ದ ಅವಳ ಮೂಗಿನ ಮೇಲೇ ಬೆರಳೊತ್ತಿ, "ಏ, ಇದನ್ನ ಮುಂದಕ್ಕೆ ಓಡ್ಸೋದು ಹೇಗೋ?" ಎಂದು ಗೆಳೆಯನನ್ನು ಕೇಳಿದಾಗ ಅವಳಿಗೆ ಸಂಗತಿ ಹೊಳೆಯಿತು. ಹಿಂದಿನ ವರ್ಷಗಳಲ್ಲಿ ಪರದೆಯ ಮೇಲೆ ಓಡಿಸುತ್ತಿದ್ದುದು ಮೊದಲೇ ತೆಗೆದಿಟ್ಟ ವಿಡಿಯೋಗಳನ್ನು. ಇವಳನ್ನೂ ಹಾಗೇ ಎಂದುಕೊಂಡಿದ್ದರು! ಚೆನ್ನಾಗಿ ಮಾತಾಡಿದಷ್ಟೂ ವಿಡಿಯೋ ಆಗುತ್ತಿದ್ದಳು.

"ನಮಸ್ಕಾರ, ನಾನು ನೇರವಾಗಿ ನಿಮ್ಮ ಜೊತೆ ಮಾತಾಡ್ತಿದೀನಿ!" ಎಂದು ಕೂಗಿ ನೋಡಿದಳು. ವಿಡಿಯೋಗಳು ಶುರುವಾಗುವುದೂ ಹಾಗೆಯೇ ತಾನೆ? ಯಾರೂ ತಿರುಗಲಿಲ್ಲ. ತೀರ್ಪುಗಾರ್ತಿ ಡಾಕ್ಟರ್ ಇಬಾನ್ಯೆಸ್ ಭಿತ್ತಿಪತ್ರದ ಮೇಲೆ ಕಣ್ಣಾಡಿಸಿ ದಾಟಿಹೋದರು. ತಿಂಡಿಯ ಗಂಟೆ ಹೊಡೆಯಿತು. ಅದು ಮುಗಿದರೆ ಫಲಿತಾಂಶ.

ಅಷ್ಟರಲ್ಲಿ ಇತ್ತ ದಡದ ಮನೆಯಲ್ಲಿ ಅಜ್ಜಿ, ಲೋಲಾ ಸೆಪಾ, ಅನ್ನ ಮತ್ತು ಒಣಮೀನಿನ ತಟ್ಟೆ ಹಿಡಿದು ಬಂದಳು. "ಬೆಳಗಿಂದ ಗಾಜಿನ ಹತ್ರ ಹರಟ್ತಿದೀಯ. ಗಾಜು ನಿಂಗೆ ಅನ್ನ ಹಾಕುತ್ತಾ? ತಿನ್ನು."

"ಬೇಡ ಲೋಲಾ, ಸುಮ್ನಿರು..." ಎಂದವಳು ತಟ್ಟೆಯನ್ನೇ ನೋಡಿದಳು. ತುತ್ತೆತ್ತುವ ಮೊದಲು ಕಂಡವರನ್ನು ಕರೆಯದೆ ಉಂಡವರು ಆ ದ್ವೀಪಗಳಲ್ಲಿಲ್ಲ. ಕರೆದ ಮೇಲೆ ಮಾತು ಹಿಂದಿರುಗಿಸದೆ ಹೋದವರೂ ಇಲ್ಲ. ಕಳ್ಳನೂ ಒಂದು ಗಳಿಗೆ ನಿಂತು ಉತ್ತರ ಕೊಟ್ಟೇ ಹೋಗುತ್ತಾನೆ ಎನ್ನುತ್ತಾರೆ.

ಅತ್ತ ಮೇಳದಲ್ಲಿ ಡಾಕ್ಟರ್ ಇಬಾನ್ಯೆಸ್ ಬಾಗಿಲಿನತ್ತ ಹೊರಟಿದ್ದರು. ಡೆಲಿನ್ ತಟ್ಟೆಯನ್ನು ಕ್ಯಾಮೆರಾದ ಮುಂದೆ ಎತ್ತಿ ಹಿಡಿದಳು.

"ಮೇಡಂ, ಬನ್ನಿ, ಊಟ ಮಾಡೋಣ!"

"ಆಯ್ತಮ್ಮ, ನೀನು ಮಾಡು, ನಂದು ಈಗ..." ನಾಲಿಗೆ ತಾನಾಗಿ ಉತ್ತರಿಸಿಬಿಟ್ಟಿತ್ತು. ಅವರು ಗಕ್ಕನೆ ನಿಂತು, ಸುತ್ತ ನೋಡಿ, ಕೊನೆಗೆ ಪರದೆಯತ್ತ ತಿರುಗಿದರು. "ಅಯ್ಯೋ ದೇವ್ರೇ. ನೀನು ಅಲ್ಲೇ ಇದೀಯಾ?"

"ಬೆಳಗಿಂದ ಇಲ್ಲೇ ಇದೀನಿ ಮೇಡಂ. ಮೀನು ಆರೋದ್ರೊಳಗೆ ಒಂದು ಪ್ರಶ್ನೆ ಕೇಳಿ."

ಅವರು ನಗುತ್ತ ಕುರ್ಚಿ ಎಳೆದುಕೊಂಡು ಕೂತರು. ಆದರೆ ಕೇಳಿದ್ದು ನಗುವ ಪ್ರಶ್ನೆಯಲ್ಲ. "ಆಳದಲ್ಲಿ ಕಟ್ಟಿದ ಹಗ್ಗಕ್ಕೆ ರೋಗ ಕಮ್ಮಿ ಅಂತ ಬರ್ದಿದೀಯ. ಆಳದಿಂದ್ಲೇ ಅಂತ ಹೇಗೆ ಹೇಳ್ತೀಯ? ಆ ಹಗ್ಗಗಳು ದೋಣಿ ಓಡಾಡೋ ಜಾಗದಿಂದ ದೂರ ಇರೋದ್ರಿಂದ್ಲೂ ಉಳ್ಕೊಂಡಿರ್ಬಹುದಲ್ಲ."

ಡೆಲಿನ್‌ಳ ಬಾಯಿಪಾಠದಲ್ಲಿ ಇದಕ್ಕೆ ಉತ್ತರವಿರಲಿಲ್ಲ. "ಗೊತ್ತಿಲ್ಲ ಮೇಡಂ. ನಾನು ಹಾಗೆ ಯೋಚಿಸಿರ್ಲಿಲ್ಲ. ಆದ್ರೆ ದೋಣಿ ದಾರಿ ಪಕ್ಕದಲ್ಲೂ ಒಂದು ಆಳದ ಹಗ್ಗ ಇದೆ. ಅದಕ್ಕೆ ರೋಗ ಬಂದಿದೆಯಾ ಅಂತ ಈಗ್ಲೇ ನೋಡೋಣ, ಬರ್ತೀರಾ?"

ಉತ್ತರಕ್ಕೂ ಕಾಯದೆ ತಟ್ಟೆಯನ್ನು ಅಜ್ಜಿಯ ಕೈಗಿಟ್ಟು, ಮೊಬೈಲನ್ನು ತಲೆಯ ಮೇಲಕ್ಕೆತ್ತಿ ಕಡಲಿಗಿಳಿದಳು. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಚಿತ್ರ ಒಮ್ಮೆ ಕಲಕಿ, ಮತ್ತೆ ತಿಳಿಯಾಯಿತು. ಅತ್ತ ಡಾಕ್ಟರ್ ಇಬಾನ್ಯೆಸ್ ತಿಂಡಿಗೆ ಕರೆಯಲು ಬಂದವರನ್ನು ಕೈಸನ್ನೆಯಲ್ಲೇ ತಡೆದು, ಪರದೆಗೆ ಮುಖವಿಟ್ಟು ಬಾಗಿದ್ದರು.

"ನಿಲ್ಬೇಡ," ಎಂದರು. "ಇನ್ನೂ ಸ್ವಲ್ಪ ಮುಂದೆ ಕರ್ಕೊಂಡು ಹೋಗು ನನ್ನ."